ಮೊದಲ ರಸ್ತೆ ಸೈಕಲ್ ರೇಸ್: ಕ್ಲಬ್ ಸೇರಿದ ಮೇಲೆ ಎಷ್ಟು ದಿನ ಕಾಯಬೇಕು?

ಕೆಂಗೇರಿ ಸವಾರ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಮೊಣಕಾಲು ನೋವಿನಿಂದ ಓಟ ಬಿಟ್ಟು ಎರಡು ವರ್ಷಗಳ ಹಿಂದೆ ಸೈಕಲ್ ಹಿಡಿದೆ. ವಾರದಲ್ಲಿ ಎರಡು ದಿನ ಬೆಳಗ್ಗೆ ಒಂದೊಂದು ಗಂಟೆ ತುಳಿಯುತ್ತೇನೆ. ಭಾನುವಾರ ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ರಾಮನಗರಕ್ಕೆ ಹೋಗಿ ಬರುತ್ತೇನೆ. ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್, ಒಬ್ಬನೇ ಹೋದರೆ ಸರಾಸರಿ 26 ಕಿ.ಮೀ. ವೇಗ.

ಮೂರು ವಾರಗಳ ಹಿಂದೆ ನಮ್ಮ ಕಡೆಯ ಒಂದು ಕ್ಲಬ್ ಸೇರಿದೆ. ಮೊದಲ ಸವಾರಿಯಲ್ಲಿ ಹೋಗುವಾಗ ಮಾತಾಡಿಕೊಂಡೇ ಹೋದೆವು. ವಾಪಸು ಬರುವಾಗ ಮುಂದಿನ ನಾಲ್ವರು ವೇಗ ಹೆಚ್ಚಿಸಿದರು, ಗುಂಪು 34ಕ್ಕೆ ಏರಿತು. ನಾನು ಹೇಗೋ 12 ಕಿ.ಮೀ. ಅವರ ಹಿಂದೆ ಇದ್ದೆ, ಆಮೇಲೆ ಕಳಚಿಕೊಂಡೆ. ಆದರೆ ಆ 12 ಕಿ.ಮೀ. ನನ್ನನ್ನು ಬಿಡುತ್ತಿಲ್ಲ. ಕಚೇರಿಯಲ್ಲಿ ಕುಳಿತಾಗಲೂ ಮುಂದಿನವರ ಹಿಂಚಕ್ರವೇ ಕಣ್ಣ ಮುಂದೆ ಬರುತ್ತದೆ.

ರೇಸ್‌ನಲ್ಲಿ ಭಾಗವಹಿಸಬೇಕೆಂಬ ಆಸೆ ಹುಟ್ಟಿದೆ. ಇನ್ನೂ ಎಷ್ಟು ತಿಂಗಳು ತಯಾರಿ ಬೇಕು? ಯಾವ ಬಗೆಯ ರೇಸ್‌ನಿಂದ ಶುರು ಮಾಡಬೇಕು? ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ ಕೊಳ್ಳಲೇಬೇಕೇ? ಗುಂಪಿನಲ್ಲಿ ಬಿದ್ದರೆ ಏನು ಗತಿ ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೆ ಕೊಡಲು ನನ್ನ ಬಳಿ ನೇರ ಉತ್ತರವಿಲ್ಲ.

ನಂದಿ ತಪ್ಪಲು

ಕೆಂಗೇರಿಯವರೇ, ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ನಿಮ್ಮ ಮನೆಯವರು ಕೇಳಿದ್ದು. ಅದರಿಂದಲೇ ಶುರು ಮಾಡುತ್ತೇನೆ. ಒಂಬತ್ತು ವರ್ಷಗಳಿಂದ ಕ್ಲಬ್ ಸವಾರಿಗಳನ್ನು ನಡೆಸುತ್ತಿದ್ದೇನೆ. ಹೊಸಬರು ಬಿದ್ದದ್ದನ್ನು ನಾನು ಕಂಡಿರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅವರ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ತೂರಿಕೊಂಡಿರುತ್ತದೆ. ಮುಂದಿನವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಎರಡು ಚಕ್ರ ತಾಗುತ್ತವೆ. ಆಗ ಬೀಳುವವರು ಹಿಂದಿನವರು, ಏಕೆಂದರೆ ತಾಗಿದ್ದು ಅವರ ಹ್ಯಾಂಡಲ್ ತಿರುಗಿಸುವ ಚಕ್ರ. ಮುಂದಿನವರಿಗೆ ಅನೇಕ ಸಲ ಏನಾಯಿತೆಂದೂ ತಿಳಿಯುವುದಿಲ್ಲ.

ಇದನ್ನು ಪುಸ್ತಕ ಓದಿ ಕಲಿಯಲಾಗದು, ಒಬ್ಬರೇ ತುಳಿದೂ ಕಲಿಯಲಾಗದು. ಕ್ಲಬ್ ಇರುವುದೇ ಇದಕ್ಕೆ. ಮುಂದಿನ ಆರೇಳು ಸವಾರಿಗಳಲ್ಲಿ ವೇಗವನ್ನು ಮರೆತು ಮುಂದಿನವರ ಚಕ್ರ ಹಿಡಿಯುವುದನ್ನಷ್ಟೇ ಕಲಿಯಿರಿ. ಮೊದಲು ಎರಡು ಮೀಟರ್ ಅಂತರ, ಕ್ರಮೇಣ ಒಂದು ಮೀಟರ್, ಧೈರ್ಯ ಬಂದ ಮೇಲೆ ಅರ್ಧ ಮೀಟರ್. ಕಣ್ಣು ಅವರ ಚಕ್ರದ ಮೇಲಲ್ಲ, ಅವರ ಭುಜದಾಚೆಯ ರಸ್ತೆಯ ಮೇಲಿರಲಿ. ಅಂತರ ಕಡಿಮೆಯಾಯಿತೆಂದು ಬ್ರೇಕ್ ಒತ್ತಬೇಡಿ, ಪೆಡಲ್ ಮೇಲಿನ ಬಲವನ್ನು ಸಡಿಲಿಸಿ. ಸ್ವಲ್ಪ ನೆಟ್ಟಗೆ ಕುಳಿತರೆ ಗಾಳಿಯೇ ನಿಮ್ಮನ್ನು ತಡೆಯುತ್ತದೆ. ಬ್ರೇಕ್ ಒತ್ತಿದರೆ ನಿಮ್ಮ ಹಿಂದಿನ ಹತ್ತು ಜನ ಒತ್ತಬೇಕಾಗುತ್ತದೆ, ಹತ್ತನೆಯವರ ಹೊತ್ತಿಗೆ ಅದು ಜೋರಾದ ಬ್ರೇಕ್ ಆಗಿರುತ್ತದೆ. ‘ಗುಂಡಿ’, ‘ಹಂಪ್’, ‘ಹಿಂದೆ ಬಸ್’ ಎಂದು ಕೂಗುವುದನ್ನು ಸಂಕೋಚವಿಲ್ಲದೆ ರೂಢಿಸಿಕೊಳ್ಳಿ.

ನೀವು 12 ಕಿ.ಮೀ. ಹೇಗೆ ಉಳಿದಿರಿ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಒಬ್ಬರೇ 26ರಿಂದ 34ಕ್ಕೆ ಏರಿದ್ದರೆ ಗಾಳಿಗೆಂದೇ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಸುರಿಯಬೇಕಿತ್ತು. ಒಬ್ಬರ ಹಿಂದೆ ಒತ್ತಾಗಿ ಕುಳಿತವರು ಆ ವೇಗದಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಸುತ್ತಾರೆ. ರಸ್ತೆ ರೇಸ್ ಎಂಬ ಆಟ ನಿಂತಿರುವುದೇ ಇದರ ಮೇಲೆ.

ಎಷ್ಟು ತಿಂಗಳು ಎಂದರೆ, ಟೈಮ್ ಟ್ರಯಲ್‌ಗೆ ಮುಂದಿನ ತಿಂಗಳೇ ಹೋಗಿ. ಅದರಲ್ಲಿ ಒಬ್ಬೊಬ್ಬರನ್ನೇ ನಿಗದಿತ ಅಂತರದಲ್ಲಿ ಬಿಡುತ್ತಾರೆ, ಇನ್ನೊಬ್ಬರ ಹಿಂದೆ ಕೂರುವಂತಿಲ್ಲ. ಆದ್ದರಿಂದ ಗುಂಪಿನಲ್ಲಿ ಬೀಳುವ ಭಯವೂ ಇಲ್ಲ. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್‌ಗೆ ಮೂರು ತಿಂಗಳ ಗುಂಪು ಸವಾರಿ ಆದ ಮೇಲೆ ಇಳಿಯಿರಿ. ಬೆಂಗಳೂರಿನಲ್ಲಿ ಸ್ವಯಂಸೇವಕರು ಕಟ್ಟಿ ಬೆಳೆಸಿದ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂಥ ಹವ್ಯಾಸಿ ಸರಣಿಯಲ್ಲಿ ಟೈಮ್ ಟ್ರಯಲ್, ತಂಡದ ಟೈಮ್ ಟ್ರಯಲ್, ನಂದಿ ಬೆಟ್ಟದ ಏರು, ಸಣ್ಣ ಸುತ್ತುದಾರಿಯಲ್ಲಿ ಹಲವು ಸುತ್ತು ಹಾಕುವ ಕ್ರೈಟೀರಿಯಂ ಎಲ್ಲವೂ ನಡೆದಿವೆ. ನಮ್ಮಲ್ಲಿ ಎಷ್ಟೋ ಜನ ಬೆನ್ನಿಗೆ ಮೊದಲ ಸಲ ರೇಸ್ ಸಂಖ್ಯೆ ಅಂಟಿಸಿಕೊಂಡದ್ದು ಅಲ್ಲೇ.

ವೇಗದ ಬಯಕೆ

ನಂದಿ ತಪ್ಪಲು ಅವರ ಮಾತು ಸರಿ, ಆದರೆ ಸೈಕಲ್ ವಿಷಯವನ್ನು ಅವರು ಮುಟ್ಟಲೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಒಳ್ಳೆಯ ಕಾರ್ಬನ್ ರೋಡ್ ಬೈಕ್ ಕೊಳ್ಳಿ. ಹೈಬ್ರಿಡ್‌ನಲ್ಲಿ ರೇಸ್ ಮಾಡಿ ಸೋತು ಮನಸ್ಸು ಮುರಿದುಕೊಂಡವರನ್ನು ನೋಡಿದ್ದೇನೆ. ಹೇಗೂ ಒಂದು ದಿನ ಕೊಳ್ಳುವುದೇ ಆದರೆ ಈಗಲೇ ಕೊಳ್ಳುವುದು ಒಳ್ಳೆಯದು. ಹಗುರ ಸೈಕಲ್ ಕೊಡುವ ಉತ್ಸಾಹವೂ ತಯಾರಿಯ ಭಾಗವೇ.

ಗೇರು ಮತ್ತು ಗಣಿತ

ವೇಗದ ಬಯಕೆಯವರೇ, ಉತ್ಸಾಹದ ಮಾತನ್ನು ಒಪ್ಪುತ್ತೇನೆ. ತೂಕದ ಲೆಕ್ಕವನ್ನು ಮಾತ್ರ ಒಮ್ಮೆ ಬರೆದು ನೋಡೋಣ.

ಸವಾರರು 75 ಕೆ.ಜಿ. ಎಂದಿಟ್ಟುಕೊಳ್ಳಿ. 10 ಕೆ.ಜಿ. ಸೈಕಲ್ ಆದರೆ ಒಟ್ಟು 85, 7 ಕೆ.ಜಿ. ಸೈಕಲ್ ಆದರೆ 82. ವ್ಯತ್ಯಾಸ ಶೇಕಡ 3.5. ಕಡಿದಾದ ಏರಿನಲ್ಲಿ ಬಹುಪಾಲು ಶಕ್ತಿ ತೂಕವನ್ನು ಮೇಲಕ್ಕೆ ಎತ್ತುವುದಕ್ಕೇ ಹೋಗುತ್ತದೆ. ಹಾಗಾಗಿ ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಸುಮಾರು ಒಂದು ನಿಮಿಷ. ಸಮತಟ್ಟಾದ ರಸ್ತೆಯಲ್ಲಿ ಅದೂ ಇಲ್ಲ. ವೃತ್ತಿಪರರಿಗೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 6.8 ಕೆ.ಜಿ.ಗಿಂತ ಹಗುರವಾದ ಸೈಕಲ್ ಬಳಸಲು ಬಿಡುವುದಿಲ್ಲ. ಅಂದರೆ ಅವರ ಸೈಕಲ್‌ಗೂ ಸಾಧಾರಣ ಅಲ್ಯೂಮಿನಿಯಂ ರೋಡ್ ಬೈಕ್‌ಗೂ ಇರುವ ಅಂತರ ಕೆಲವೇ ಕೆ.ಜಿ.

ಹೈಬ್ರಿಡ್‌ನ ನಿಜವಾದ ತೊಂದರೆ ತೂಕವಲ್ಲ, ಕೂರುವ ಭಂಗಿ. ನೇರ ಹ್ಯಾಂಡಲ್ ಹಿಡಿದು ಎದೆಯಗಲಿಸಿ ಕುಳಿತರೆ ಗಾಳಿಗೆ ಬಾಗಿಲು ತೆರೆದಿಟ್ಟ ಹಾಗೆ. ಬಾಗಿದ ಹ್ಯಾಂಡಲ್‌ನ ಕೆಳಭಾಗ ಹಿಡಿದು ಮೊಣಕೈ ಮಡಿಸಿದರೆ ಎಷ್ಟೋ ಶಕ್ತಿ ಉಳಿಯುತ್ತದೆ. ಅನೇಕ ಹವ್ಯಾಸಿ ರೇಸ್‌ಗಳಲ್ಲಿ ಹೈಬ್ರಿಡ್‌ಗೆ ಪ್ರತ್ಯೇಕ ವಿಭಾಗವಿರುತ್ತದೆ, ಮೊದಲ ಒಂದೆರಡು ರೇಸ್ ಅದರಲ್ಲೇ ಆಗಲಿ. ಆಮೇಲೆ ಕೊಳ್ಳುವುದಾದರೆ ಬಳಸಿದ ರೋಡ್ ಬೈಕ್ ಸಾಕು. ನಾನು 38,000 ರೂಪಾಯಿಗೆ ಕೊಂಡ ಬಳಸಿದ ಸೈಕಲ್‌ನಲ್ಲಿ ನಾಲ್ಕು ವರ್ಷ ರೇಸ್ ಮಾಡಿದ್ದೇನೆ.

ಒಂದು ಎಚ್ಚರಿಕೆ: ಅಳತೆ. ನನ್ನ ಮೊದಲ ರೋಡ್ ಬೈಕನ್ನು ಅಂಗಡಿಯವರು ತಮ್ಮಲ್ಲಿದ್ದ ದೊಡ್ಡ ಅಳತೆಯದ್ದೇ ನನಗೆ ಸರಿ ಎಂದು ಕೊಟ್ಟರು. ಒಂದು ವರ್ಷ ಕುತ್ತಿಗೆ ನೋವು ತಿಂದೆ. ಕ್ಲಬ್‌ನಲ್ಲಿ ನಿಮ್ಮಷ್ಟೇ ಎತ್ತರದವರ ಸೈಕಲ್ ಹತ್ತಿ ನೋಡಿ, ಅದಾದ ಮೇಲೆ ಅಂಗಡಿಗೆ ಹೋಗಿ.

ವಿಜಯಪುರದ ಹಳೆಯ ಗಾಲಿ

ನನಗೆ 58. ರೇಸ್ ಬಿಟ್ಟು ಬಹಳ ವರ್ಷವಾಯಿತು, ಇಂಥ ಮಾತು ಕಂಡರೆ ಮಾತ್ರ ಸುಮ್ಮನಿರಲು ಆಗುವುದಿಲ್ಲ.

ನಮ್ಮ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಯ ಚಂದರಗಿ, ಈ ಊರುಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಾಗ ಬೆಂಗಳೂರಿನವರು ಅಚ್ಚರಿಪಡುತ್ತಾರೆ. ನಮಗೆ ಅದರಲ್ಲಿ ಅಚ್ಚರಿಯಿಲ್ಲ. ಜಾತ್ರೆಯಲ್ಲಿ ಕುಸ್ತಿ ಇದ್ದ ಹಾಗೆ ಸೈಕಲ್ ಪಂದ್ಯವೂ ಇರುತ್ತದೆ. ಹಾಲು ಹಾಕುವ ಸೈಕಲ್‌ನ ಕ್ಯಾರಿಯರ್, ಮಡ್‌ಗಾರ್ಡ್ ಬಿಚ್ಚಿಟ್ಟು ಪಂದ್ಯಕ್ಕೆ ನಿಂತವರು ನಾವು. ಕ್ರೀಡಾ ವಸತಿ ನಿಲಯಗಳು ಬಂದ ಮೇಲೆ ಬಡವರ ಮನೆಯ ಮಕ್ಕಳಿಗೂ ಗೇರು ಇರುವ ಸೈಕಲ್, ಹೊಟ್ಟೆ ತುಂಬ ಊಟ, ತಿದ್ದುವ ಗುರು ಸಿಕ್ಕರು.

ಇನ್ನೊಂದು ಗುರು ನಮ್ಮ ಗಾಳಿ. ಮರ, ಗುಡ್ಡ ಯಾವುದೂ ಅಡ್ಡವಿಲ್ಲದ ಎರೆನೆಲ. ಆಷಾಢದಲ್ಲಿ ಗಾಳಿ ರಸ್ತೆಗೆ ಅಡ್ಡಲಾಗಿ ಬೀಸುವಾಗ ನೇರ ಹಿಂದೆ ಕುಳಿತರೆ ಏನೂ ಮರೆ ಸಿಗುವುದಿಲ್ಲ. ಗಾಳಿ ಎಡದಿಂದ ಬಂದರೆ ಮುಂದಿನವನ ಬಲಹಿಂಬದಿಗೆ ಸರಿಯಬೇಕು, ಅವನ ಹಿಂದಿನವನು ಮತ್ತೂ ಬಲಕ್ಕೆ. ಹೀಗೆ ಸಾಲು ಓರೆಯಾಗುತ್ತದೆ. ರಸ್ತೆಯ ಅಗಲ ಮುಗಿದಲ್ಲಿ ಸಾಲೂ ಮುಗಿಯಿತು, ಉಳಿದವರಿಗೆ ಮರೆಯಿಲ್ಲ. ಅಂಚಿನಲ್ಲಿ ಒಂಟಿಯಾಗಿ ನರಳುವ ಬದಲು ಹಿಂದಿನ ನಾಲ್ಕು ಜನ ತಮ್ಮದೇ ಎರಡನೆಯ ಓರೆಸಾಲು ಕಟ್ಟಿಕೊಳ್ಳಬೇಕು. ನಮ್ಮ ಗುರುಗಳು ಇದನ್ನು ಹೇಳಿಕೊಡಲಿಲ್ಲ. ಬೆಳಗ್ಗೆ ಆರಕ್ಕೆ ಗಾಳಿಯಲ್ಲಿ ಬಿಟ್ಟು ತಾವು ಮೊಪೆಡ್‌ನಲ್ಲಿ ಹಿಂದೆ ಬರುತ್ತಿದ್ದರು. ಬಿಟ್ಟುಹೋದವನ ಪಕ್ಕಕ್ಕೆ ಬಂದು, ‘ಎಲ್ಲಿ ಕುಳಿತಿದ್ದೆ?’ ಎಂದಷ್ಟೇ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತೆವು.

ಕೆಂಗೇರಿ ತಮ್ಮಾ, ನೀನು ಕಳಚಿಕೊಂಡಾಗ ಎಲ್ಲಿ ಕುಳಿತಿದ್ದೆ?

ಕೆಂಗೇರಿ ಸವಾರ

ಅಣ್ಣಾ, ನಿಮ್ಮ ಪ್ರಶ್ನೆ ಓದಿ ಆ ದಿನವನ್ನು ಮತ್ತೆ ನೆನಪಿಸಿಕೊಂಡೆ. ನಾನು ಕಟ್ಟಕಡೆಯವನಾಗಿದ್ದೆ. ಯಾರಿಗೂ ಅಡ್ಡಿಯಾಗಬಾರದೆಂದು ಹಿಂದೆ ಉಳಿದಿದ್ದೆ. ಪ್ರತಿ ಹಂಪ್ ಆದ ಮೇಲೂ ಅಂತರ ಬೀಳುತ್ತಿತ್ತು, ಓಡಿಸಿಕೊಂಡು ಹೋಗಿ ಮುಟ್ಟುತ್ತಿದ್ದೆ. ಐದಾರು ಸಲ ಮುಟ್ಟಿದೆ, ಏಳನೆಯ ಸಲ ಆಗಲಿಲ್ಲ.

ವಿಜಯಪುರದ ಹಳೆಯ ಗಾಲಿ

ಕಾಲು ಸೋತಿದ್ದಲ್ಲ ತಮ್ಮಾ, ಜಾಗ ಸೋಲಿಸಿತು. ಮುಂದಿನವರು ಹಂಪ್ ದಾಟಿ ವೇಗ ಹಿಡಿಯುವಾಗ ಕಡೆಯವನು ಇನ್ನೂ ಬ್ರೇಕ್ ಒತ್ತುತ್ತಿರುತ್ತಾನೆ. ಅವನು ಪ್ರತಿ ಸಲವೂ ಎಲ್ಲರಿಗಿಂತ ಹೆಚ್ಚು ಓಡಬೇಕು. ಐದನೆಯ, ಆರನೆಯ ಜಾಗದಲ್ಲಿ ಕೂರು. ಸರದಿ ಬಂದಾಗ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡು, ಅರ್ಧ ನಿಮಿಷವೇ ಆಗಲಿ. ಮುಂದೆ ಬಂದೆ ಎಂದು ವೇಗ ಏರಿಸಬೇಡ, ಇದ್ದ ವೇಗವನ್ನೇ ಹಿಡಿದಿಡು. ಆಮೇಲೆ ಪಕ್ಕಕ್ಕೆ ಸರಿದು, ನಿಧಾನಿಸಿ, ಸಾಲಿನ ಬಾಲಕ್ಕೆ ಬಾ. ಬಾಲ ಹಿಡಿಯುವ ಹೊತ್ತಿಗೆ ಸ್ವಲ್ಪ ಶಕ್ತಿ ಉಳಿದಿರಬೇಕು. ಹೊಸಬರು ಅಲ್ಲೇ ಜಾರಿ ಹೋಗುವುದು.

ಚಾಮುಂಡಿ ಏರು

ಮೈಸೂರಿನಿಂದ ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಣ್ಣುಮಕ್ಕಳೂ ಇರಬಹುದು, ಅವರಿಗಾಗಿ ಒಂದು ಮಾತು.

ನಾನು 41ನೆಯ ವಯಸ್ಸಿನಲ್ಲಿ ಮೊದಲ ರೇಸ್‌ಗೆ ಹೋದೆ. ಮಹಿಳಾ ವಿಭಾಗದಲ್ಲಿ ನಾವು ಇದ್ದದ್ದು ಐದೇ ಜನ. ಆಯೋಜಕರು ನಮ್ಮನ್ನು ಗಂಡಸರ ಗುಂಪಿನ ಹಿಂದೆಯೇ ಬಿಟ್ಟರು. ಎರಡು ನಿಮಿಷದಲ್ಲಿ ಐವರೂ ಐದು ಕಡೆ ಚದುರಿದೆವು, ಎಲ್ಲರೂ ಒಂಟಿಯಾಗಿ ಗಾಳಿ ತಿಂದೆವು. ಅಂದು ಮುಗಿಸಿದ ಮೇಲೆ ಐವರೂ ಒಟ್ಟಿಗೆ ಕಾಫಿ ಕುಡಿದು, ಮುಂದಿನ ಸಲ ಮೊದಲ 20 ಕಿ.ಮೀ. ಯಾರೂ ಯಾರನ್ನೂ ಬಿಟ್ಟು ಹೋಗಬಾರದೆಂದು ಮಾತಾಡಿಕೊಂಡೆವು. ಎರಡನೆಯ ರೇಸ್‌ನಲ್ಲಿ ನಾವು ಸರದಿಯಂತೆ ಮುಂದೆ ಬರುತ್ತಾ ಹೋದೆವು, ಕೊನೆಯ 10 ಕಿ.ಮೀ.ನಲ್ಲಿ ಪೈಪೋಟಿಗೆ ಇಳಿದೆವು. ಅದು ನಾನು ಕಂಡ ಮೊದಲ ನಿಜವಾದ ರೇಸ್. ಈಗ ಆ ಐವರಲ್ಲಿ ಮೂವರು ನನ್ನ ಕ್ಲಬ್‌ನವರೇ. ಕತ್ತಲಿರುವಾಗ ಒಬ್ಬಳೇ ಹೊರಡಬೇಕಲ್ಲ ಎಂಬ ಅಂಜಿಕೆಗೂ ಕ್ಲಬ್ಬೇ ಪರಿಹಾರವಾಯಿತು. ನಾವು ಒಬ್ಬರ ಮನೆ ಮುಂದೆ ಇನ್ನೊಬ್ಬರು ಬಂದು ಕರೆದುಕೊಂಡು ಹೋಗುತ್ತೇವೆ.

ಕೆಂಗೇರಿಯವರೇ, 36 ತಡವಾಯಿತೇ ಎಂಬ ಅನುಮಾನ ನಿಮ್ಮ ಬರಹದಲ್ಲಿ ಎಲ್ಲೋ ಇಣುಕುತ್ತಿದೆ. ರಾಷ್ಟ್ರೀಯ ಟೈಮ್ ಟ್ರಯಲ್ ಪ್ರಶಸ್ತಿ ಗೆದ್ದ ಬೆಂಗಳೂರಿನ ನವೀನ್ ಜಾನ್ ಅವರು ಕೂಡ ಬಾಲ್ಯದಿಂದ ಕ್ರೀಡಾ ನಿಲಯದಲ್ಲಿ ಬೆಳೆದವರಲ್ಲ, ಅಮೆರಿಕದಲ್ಲಿ ಕಾಲೇಜು ಓದುವಾಗ ಸೈಕಲ್ ಹತ್ತಿದವರು. ನಮ್ಮ ಗುರಿ ಅಷ್ಟು ಎತ್ತರದ್ದಲ್ಲ, ಆದರೂ ಹೃದಯ ಮತ್ತು ಶ್ವಾಸಕೋಶ ಈ ವಯಸ್ಸಿನಲ್ಲೂ ಚೆನ್ನಾಗಿ ಪಳಗುತ್ತವೆ. ಶುರು ಮಾಡುವ ಮುನ್ನ ಒಮ್ಮೆ ವೈದ್ಯರನ್ನು ಕಂಡು ರಕ್ತದೊತ್ತಡ, ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ನಾನು ಮಾಡಿಸಿಕೊಂಡೇ ಇಳಿದದ್ದು.

ಪಂಕ್ಚರ್ ಪೆಟ್ಟಿಗೆ

ಎಲ್ಲರೂ ಕಾಲಿನ ಬಗ್ಗೆ ಬರೆದಿದ್ದಾರೆ, ಸೈಕಲ್ ರಿಪೇರಿ ಮಾಡುವವನಾಗಿ ನಾನು ಗಾಲಿಯ ಬಗ್ಗೆ ಬರೆಯುತ್ತೇನೆ. ರೇಸ್‌ಗೆ ಹಿಂದಿನ ದಿನ ಹೊಸದೇನನ್ನೂ ಹಾಕಿಸಬೇಡಿ. ಹೊಸ ಚೈನ್, ಹೊಸ ಸೀಟು, ಹೊಸ ಶೂ ಎಲ್ಲವೂ ಎರಡು ವಾರ ಮೊದಲೇ ಆಗಲಿ. ಟೈರಿನಲ್ಲಿ ಚುಚ್ಚಿಕೊಂಡ ಗಾಜಿನ ಚೂರುಗಳನ್ನು ಬೆರಳಾಡಿಸಿ ಹುಡುಕಿ ತೆಗೆಯಿರಿ. ನಮ್ಮ ರಸ್ತೆಗಳಿಗೆ 28 ಮಿ.ಮೀ. ಟೈರ್ ಒಳ್ಳೆಯದು. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬಬೇಡಿ, ಒರಟು ಡಾಂಬರಿನಲ್ಲಿ ಕುಪ್ಪಳಿಸುವ ಚಕ್ರ ವೇಗವನ್ನೂ ಹಿಡಿತವನ್ನೂ ಕಳೆಯುತ್ತದೆ. ಹ್ಯಾಂಡಲ್ ತುದಿಯ ಬಿರಡೆ ಬಿದ್ದುಹೋಗಿದ್ದರೆ ಹಾಕಿಸಿ. ತೆರೆದ ಕೊಳವೆ ಬಿದ್ದಾಗ ಮೈಯನ್ನು ಕೊರೆಯುತ್ತದೆ, ಎಷ್ಟೋ ಕಡೆ ಅದಿಲ್ಲದೆ ರೇಸ್‌ಗೆ ಬಿಡುವುದೂ ಇಲ್ಲ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಧರಿಸಬೇಡಿ. ಒಳಗಿನ ಫೋಮ್ ಒಂದೇ ಸಲ ಪೆಟ್ಟು ಹೀರಿಕೊಳ್ಳಲು ಮಾಡಿದ್ದು.

ಹೆಬ್ಬಾಳ ಹಾದಿ

ಒಂದು ಸಣ್ಣ ಅನುಮಾನ. ನಾನು 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸುವ ದೂರದ ಸವಾರಿ) ಎರಡು ಸಲ ಮುಗಿಸಿದ್ದೇನೆ. ಅದು ರೇಸ್ ಅನುಭವವಾಗಿ ಲೆಕ್ಕಕ್ಕೆ ಬರುತ್ತದೆಯೇ?

ನಂದಿ ತಪ್ಪಲು

ಹೆಬ್ಬಾಳದವರೇ, ಬ್ರೆವೆ ರೇಸ್ ಅಲ್ಲ. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಿದವರೆಲ್ಲರೂ ಸಮಾನರು, ಅಲ್ಲಿ ಸ್ಥಾನಗಳಿಲ್ಲ. ನಿಮಗೆ ದಮ್ಮು ಸಿಕ್ಕಿದೆ, ಅದು ದೊಡ್ಡ ಆಸ್ತಿ. ಆದರೆ ರೇಸ್ ಸಾಗುವುದು ಏರುಪೇರಿನಲ್ಲಿ. ಎರಡು ನಿಮಿಷ ಉಸಿರು ಕಟ್ಟುವಷ್ಟು ಜೋರು, ಮೂರು ನಿಮಿಷ ಸಾಧಾರಣ, ಮತ್ತೆ ಜೋರು. ವಾರಕ್ಕೆ ಒಂದು ದಿನ ಚೆನ್ನಾಗಿ ಮೈ ಬಿಸಿ ಮಾಡಿಕೊಂಡು ನಾಲ್ಕು ನಿಮಿಷದ ಜೋರು ತುಳಿತವನ್ನು ನಾಲ್ಕೈದು ಸಲ ಮಾಡಿ, ನಡುವೆ ಅಷ್ಟೇ ಹೊತ್ತು ವಿಶ್ರಾಂತಿ ಕೊಡಿ. ಉಳಿದ ದಿನ ಮಾತಾಡಲು ಆಗುವಷ್ಟು ನಿಧಾನವಾಗಿಯೇ ತುಳಿಯಿರಿ. ಪ್ರತಿದಿನ ಅರೆಜೋರಿನಲ್ಲಿ ತುಳಿದು ಬಳಲುವುದು ನಾನು ಕಾಣುವ ಸಾಮಾನ್ಯ ತಪ್ಪು.

ಆಹಾರದ ಬಗ್ಗೆ ಖಾಸಗಿಯಾಗಿ ಕೇಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಗಂಟೆಯೊಳಗಿನ ರೇಸ್‌ಗೆ ನೀರು ಸಾಕು. ಅದಕ್ಕಿಂತ ಉದ್ದದ್ದಾದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಬೇಕು. ಏಲಕ್ಕಿ ಬಾಳೆ, ಖರ್ಜೂರ, ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು, ಇವೇ ನನ್ನ ಜೇಬಿನಲ್ಲಿರುತ್ತವೆ. ಬೆಳಗ್ಗೆ ಎರಡು ಗಂಟೆ ಮುಂಚೆ ಮೂರು ಇಡ್ಲಿ, ಸ್ವಲ್ಪ ಸಕ್ಕರೆ. ಚಟ್ನಿ, ಸಾಂಬಾರು ರೇಸ್ ಮುಗಿದ ಮೇಲೆ.

ಕೆಂಗೇರಿ ಸವಾರ

ಐದು ತಿಂಗಳ ನಂತರ ಬರೆಯುತ್ತಿದ್ದೇನೆ. ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ಆದದ್ದನ್ನು ಹೇಳುವುದು ನನ್ನ ಕರ್ತವ್ಯ.

ಮೊದಲು 24 ಕಿ.ಮೀ. ಟೈಮ್ ಟ್ರಯಲ್, ಹೈಬ್ರಿಡ್ ವಿಭಾಗದಲ್ಲಿ. ಮೊದಲ 6 ಕಿ.ಮೀ. 33ರ ವೇಗದಲ್ಲಿ ಹೋದೆ. ಆಮೇಲೆ ಎದೆ ಉರಿದು, ತೊಡೆ ಕಟ್ಟಿಕೊಂಡು, ಉಳಿದ 18 ಕಿ.ಮೀ. 28ಕ್ಕೆ ಇಳಿದೆ. ಒಟ್ಟು 49 ನಿಮಿಷ 40 ಸೆಕೆಂಡು, ಅಂದರೆ ಸರಾಸರಿ 29. ಎರಡನೆಯ ಸಲ ಅದೇ ದೂರಕ್ಕೆ ಮೊದಲಿಂದಲೇ 30 ಹಿಡಿದು ಕುಳಿತೆ, 48 ನಿಮಿಷದೊಳಗೆ ಮುಗಿಯಿತು. ಕಾಲು ಅವೇ, ಶಕ್ತಿ ಹಂಚಿದ ರೀತಿ ಬದಲಾಗಿತ್ತು.

ಈ ನಡುವೆ ಹನ್ನೊಂದು ಕ್ಲಬ್ ಸವಾರಿ ಆಯಿತು. ಗೇರು ಮತ್ತು ಗಣಿತ ಅವರು ಹೇಳಿದಂತೆ ಮೂವರ ಸೈಕಲ್ ಹತ್ತಿ ನೋಡಿ ಬಳಸಿದ ಅಲ್ಯೂಮಿನಿಯಂ ರೋಡ್ ಬೈಕ್ ಕೊಂಡೆ. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ನಾವು ಎರಡು ಸಾಲಿನಲ್ಲಿ ಕೂಗಿಕೊಂಡು, ಕೈ ತೋರಿಸಿಕೊಂಡು ಬರುವುದನ್ನು ಅವಳು ಒಂದು ಮರದ ಕೆಳಗೆ ನಿಂತು ನೋಡಿದಳು. ‘ಒಬ್ಬರೇ ಹೋಗುವುದಕ್ಕಿಂತ ಇದೇ ವಾಸಿ’ ಎಂದಳು.

ಕಳೆದ ವಾರ ಮಾಸ್ ಸ್ಟಾರ್ಟ್. 10 ಕಿ.ಮೀ.ಯ ಐದು ಸುತ್ತು, ಹೊಸಬರ ವಿಭಾಗ. ಮೊದಲ ಎರಡು ಸುತ್ತು ಏಳೆಂಟನೆಯ ಜಾಗದಲ್ಲಿ ಆರಾಮವಾಗಿದ್ದೆ. ಪ್ರತಿ ಸುತ್ತಿನಲ್ಲಿ ಒಂದು ಯು ತಿರುವು, ಅದಾದ ಕೂಡಲೇ ಸಣ್ಣ ಏರು. ಮೂರನೆಯ ಸುತ್ತಿನಲ್ಲಿ ಬಾಟಲಿ ತೆಗೆಯಲು ಬಗ್ಗಿದಾಗ ಆರು ಜನ ನನ್ನನ್ನು ದಾಟಿದರು. ಗಮನಿಸಿದೆ, ಸರಿಪಡಿಸಿಕೊಳ್ಳಲಿಲ್ಲ. ನಾಲ್ಕನೆಯ ಸುತ್ತಿನ ತಿರುವಿಗೆ ಬರುವಾಗ ನಾನು ಹಿಂದಿನಿಂದ ಮೂರನೆಯವನು. ಮುಂದಿನವರು ಏರು ಹತ್ತುತ್ತಿದ್ದಾಗ ನಾನಿನ್ನೂ ಬ್ರೇಕ್ ಹಿಡಿದಿದ್ದೆ. ಹದಿನೈದು ಮೀಟರ್ ಅಂತರ ಬಿತ್ತು. ಆ ಹದಿನೈದು ಮೀಟರನ್ನು ಎರಡು ಕಿ.ಮೀ. ಅಟ್ಟಿಸಿಕೊಂಡು ಹೋದೆ, ಮುಟ್ಟಲು ಆಗಲಿಲ್ಲ. 38ನೆಯ ಕಿ.ಮೀ.ನಲ್ಲಿ ಗುಂಪಿನಿಂದ ಕಳಚಿಕೊಂಡೆ. ನನ್ನಂತೆ ಕಳಚಿಕೊಂಡ ಇನ್ನಿಬ್ಬರು ಸಿಕ್ಕರು, ಮೂವರೂ ಸರದಿ ಹಾಕಿಕೊಂಡು ಗುರಿ ಮುಟ್ಟಿದೆವು. 31 ಜನರಲ್ಲಿ ನನ್ನದು 22ನೆಯ ಸ್ಥಾನ.

ವಿಜಯಪುರದ ಅಣ್ಣಾ, ಈ ಸಲ ಎಲ್ಲಿ ಕುಳಿತಿದ್ದೆ ಎಂದು ನೀವು ಕೇಳುವ ಮೊದಲೇ ಹೇಳಿದ್ದೇನೆ. ನನ್ನ ಪ್ರಶ್ನೆ ಬೇರೆ. ತಿರುವಿಗೆ ಒಂದು ಕಿ.ಮೀ. ಇರುವಾಗಲೇ ಎಲ್ಲರೂ ಮುಂದೆ ಬರಲು ನುಗ್ಗುತ್ತಾರಲ್ಲ, ಆ ನೂಕುನುಗ್ಗಲಿನಲ್ಲಿ ಶಕ್ತಿ ಕಳೆಯದೆ ಜಾಗ ಉಳಿಸಿಕೊಳ್ಳುವುದು ಹೇಗೆ?

ವಿಜಯಪುರದ ಹಳೆಯ ಗಾಲಿ

ಎಲ್ಲರೂ ನುಗ್ಗುವ ಹೊತ್ತಿಗೆ ನೀನು ಅಲ್ಲಿ ಇರಬೇಕು ತಮ್ಮಾ. ತಿರುವಿಗೆ ಎರಡು ಕಿ.ಮೀ. ಇರುವಾಗ, ಗುಂಪು ನೀರು ಕುಡಿಯುತ್ತಾ ಸಡಿಲವಾಗಿರುತ್ತದೆ. ಆಗ ಗಾಳಿ ಬೀಸದ ಕಡೆಯ ಅಂಚಿನಿಂದ ಒಂದೊಂದೇ ಚಕ್ರ ದಾಟಿ ಮೇಲೆ ಬಾ. ತಿರುವಿನಲ್ಲಿ ನಿನ್ನ ಗೆರೆ ಬಿಟ್ಟು ಯಾರ ಮೇಲೂ ವಾಲಬೇಡ. ಒಳಗೆ ಹೋಗುವ ಮೊದಲೇ ಎರಡು ಗೇರು ಇಳಿಸಿಕೋ, ಹೊರಬರುವಾಗ ಪೆಡಲ್ ಹಗುರವಾಗಿ ತಿರುಗಲಿ. ನೀನು ಭಾರದ ಗೇರಿನಲ್ಲೇ ತಿರುಗಿರುತ್ತೀಯ ಎಂದು ನನ್ನ ಅಂದಾಜು.

ಇನ್ನೊಂದು, ನೀರು ಕುಡಿಯುವುದಾದರೆ ಗುಂಪಿನ ನಡುವೆ ಇದ್ದಾಗ, ನೇರ ರಸ್ತೆಯಲ್ಲಿ ಕುಡಿ.

ಕೆಂಗೇರಿ ಸವಾರ

ಹೌದು ಅಣ್ಣಾ, ಭಾರದ ಗೇರಿನಲ್ಲೇ ಇದ್ದೆ. ಈ ಭಾನುವಾರ ಕ್ಲಬ್‌ನವರಿಗೆ ಹೇಳಿ ಒಂದು ಖಾಲಿ ರಸ್ತೆಯಲ್ಲಿ ಯು ತಿರುವನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡುತ್ತೇವೆ. ಹೆಬ್ಬಾಳದವರೂ ಬರುವುದಾದರೆ ಬೆಳಗ್ಗೆ 5:30ಕ್ಕೆ ಕೆಂಗೇರಿ ಬಸ್ ನಿಲ್ದಾಣದ ಎದುರು ಇರುತ್ತೇವೆ.

ಹೆಬ್ಬಾಳ ಹಾದಿ

ಬರುತ್ತೇನೆ.